ಕಂದು ಚುಕ್ಕೆಗೆ ಅರ್ಥ ಕೊಡೋ ಮುಂಚೆ

1/10

ಮೊದ್ಲೇ ಹೇಳ್ಬಿಡ್ತೀನಿ, ಇದು ಉದ್ದ ಇದೆ. ಹತ್ತು ಪೋಸ್ಟ್. ಟೈಮ್ ಇಲ್ದೋರು ಸೇವ್ ಮಾಡ್ಕೊಂಡು ರಾತ್ರಿ ಓದಿ. ಆದ್ರೆ ನಮ್ಮ ಜೂನಿಯರ್‌ಗಳು ಮಾತ್ರ ಈಗ್ಲೇ ಓದಿ. ನಿಮ್ಮ ಸೆಮಿನಾರ್ ಮುಂದಿನ ವಾರ ಇದೆ, ಮತ್ತು ನಿಮ್ಮಲ್ಲಿ ಅರ್ಧ ಜನರ ಫೋನಲ್ಲಿ ನಾನು ಹೋದ ವರ್ಷ ಬರೆದ ನೋಟ್ಸ್‌ನ ಪಿಡಿಎಫ್ ಇದೆ.

ಆ ನೋಟ್ಸ್ ತಪ್ಪು.

ಅದ್ರಲ್ಲಿ ಜಾರ್ಜ್ ಸ್ಯೂರಾ ಬರೆದ ಲಾ ಗ್ರಾಂಡ್ ಜಾತ್ ಪಾರ್ಕಿನ ಚಿತ್ರದ ಬಗ್ಗೆ ಒಂದು ಪುಟ ಇದೆ. ಹುಲ್ಲಿನ ಮೇಲೆ ಕಾಣೋ ಕಂದು, ಸಾಸಿವೆ ಬಣ್ಣದ ಚುಕ್ಕೆಗಳು ಶ್ರೀಮಂತ ಸಮಾಜದ ಒಳಗಿನ ಕೊಳೆತವನ್ನು ಸಂಕೇತಿಸುತ್ತವೆ ಅಂತ ನಾನು ಬರೆದಿದ್ದೆ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? 10ಕ್ಕೆ 9 ಬಂತು. ಪಕ್ಕದಲ್ಲಿ ಕೆಂಪು ಇಂಕಲ್ಲಿ "ಉತ್ತಮ ವಿಶ್ಲೇಷಣೆ" ಅಂತ ಷರಾ.

ಅದೇ ದಿನ ನನ್ನ ಕ್ಲಾಸ್‌ಮೇಟ್ ಒಬ್ಬಳು ಬರೆದಿದ್ದು ಇಷ್ಟೇ: ಹುಲ್ಲಿನ ಮೇಲೆ ಕಲೆ ಬಿದ್ದ ಹಾಗೆ ಕಾಣ್ತಿದೆ, ಬಣ್ಣ ಏನಾದ್ರೂ ಕೆಟ್ಟಿರಬಹುದಾ? ಅವಳಿಗೆ 4. ಷರಾ: "ಸಂಕೇತಾರ್ಥ ಎಲ್ಲಿ?"

ಅವಳು ಹೇಳಿದ್ದು ಸರಿ. ನಾನು ಹೇಳಿದ್ದು ಕಟ್ಟುಕಥೆ. ಈ ಸರಣಿ ಅದಕ್ಕೇ.

2/10

ಚಿತ್ರ ಗೊತ್ತಿಲ್ದೋರಿಗೆ ಮೊದಲು ಪರಿಚಯ. ಫೋಟೊ ಮೇಲಿದೆ, ಜೂಮ್ ಮಾಡಿ.

ಲಾ ಗ್ರಾಂಡ್ ಜಾತ್ ಅನ್ನೋದು ಪ್ಯಾರಿಸ್‌ನ ಅಂಚಿನಲ್ಲಿ, ಸೇನ್ ನದಿಯೊಳಗೆ ಇರೋ ಒಂದು ಉದ್ದನೆಯ ದ್ವೀಪ. 1880ರ ಆಸುಪಾಸಿನಲ್ಲಿ ಪ್ಯಾರಿಸ್ ಜನ ಭಾನುವಾರ ಗಾಳಿ ಸೇವನೆಗೆ ಅಲ್ಲಿಗೆ ಹೋಗ್ತಿದ್ರು. ದೋಣಿ, ಮರ, ಹುಲ್ಲು, ನೆರಳು. ಸ್ಯೂರಾ 1884ರಲ್ಲಿ ಅಲ್ಲಿ ಕೂತು ಚಿಕ್ಕ ಚಿಕ್ಕ ಹಲಗೆಗಳ ಮೇಲೆ ಸ್ಕೆಚ್ ಶುರು ಮಾಡಿದ. ಆಗ ಅವನಿಗೆ 24 ವರ್ಷ. ನಮ್ಮ ಸೀನಿಯರ್ ಅಣ್ಣಂದಿರ ವಯಸ್ಸು ಕಣ್ರೋ.

ತಿಂಗಳುಗಟ್ಟಲೆ ಹೋಗಿ ಬಂದು, ಹತ್ತಾರು ರೇಖಾಚಿತ್ರ, ಹತ್ತಾರು ಬಣ್ಣದ ಕರಡು ಮಾಡ್ಕೊಂಡು, ಆಮೇಲೆ ಸ್ಟುಡಿಯೊದಲ್ಲಿ ದೊಡ್ಡ ಕ್ಯಾನ್ವಾಸ್ ಕಟ್ಟಿದ. ಎತ್ತರ ಸುಮಾರು 2 ಮೀಟರ್, ಅಗಲ ಸುಮಾರು 3 ಮೀಟರ್. ಕ್ಲಾಸ್‌ರೂಮ್ ಬೋರ್ಡ್ ನೆನಪಿಸ್ಕೊಳ್ಳಿ, ಅಷ್ಟು. 1886ರ ಮೇ ತಿಂಗಳಲ್ಲಿ ಇಂಪ್ರೆಷನಿಸ್ಟರ ಎಂಟನೇ ಮತ್ತು ಕೊನೆಯ ಪ್ರದರ್ಶನದಲ್ಲಿ ಅದನ್ನು ತೂಗುಹಾಕಿದ್ರು. ಕೆಲವರು ನಕ್ಕರು, ಇವು ಮನುಷ್ಯರಾ ಮರದ ಬೊಂಬೆಗಳಾ ಅಂದ್ರು. ಫೆಲಿಕ್ಸ್ ಫೆನೆಯೊಂ ಅನ್ನೋ ಯುವ ವಿಮರ್ಶಕ ಮಾತ್ರ ಇದು ಹೊಸದು ಅಂತ ಗುರುತಿಸಿ, ಇಂಥ ಚಿತ್ರಕ್ಕೆ ನಿಯೋ-ಇಂಪ್ರೆಷನಿಸಂ ಅಂತ ಹೆಸರು ಕೊಟ್ಟ.

ಸ್ಯೂರಾ 1891ರಲ್ಲಿ ತೀರಿಕೊಂಡ. 31 ವರ್ಷ ಅಷ್ಟೇ. ಚಿತ್ರ 1926ರಿಂದ ಅಮೆರಿಕದ ಶಿಕಾಗೊ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ನಮ್ಮಲ್ಲಿ ಬಹುತೇಕರಿಗೆ ಅದು ಅಂದ್ರೆ ಫೋನ್ ಸ್ಕ್ರೀನ್ ಮೇಲಿನ ಆರಿಂಚು. ಇದು ಮುಂದೆ ಮುಖ್ಯ ಆಗುತ್ತೆ, ನೆನಪಿಟ್ಕೊಳ್ಳಿ.

3/10

ಈಗ ಆ ಕಂದು ಚುಕ್ಕೆ. ಮೇಲಿನ ಕ್ರಾಪ್ ನೋಡಿ, ಬಿಸಿಲು ಬಿದ್ದ ಹುಲ್ಲು.

ಸ್ಯೂರಾ ಆ ಜಾಗದಲ್ಲಿ ಕಂದು ಹಚ್ಚಲೇ ಇಲ್ಲ. ಅವನು ಹಚ್ಚಿದ್ದು ಹಳದಿ. ಕಣ್ಣು ಕುಕ್ಕೋ ಅಂಥ, ನಿಂಬೆಹಣ್ಣಿನ ಹಳದಿ.

ಆ ಬಣ್ಣದ ಹೆಸರು ಝಿಂಕ್ ಯೆಲ್ಲೊ. ಸತು ಮತ್ತು ಕ್ರೋಮಿಯಂ ಸೇರಿದ ರಾಸಾಯನಿಕ. ಆ ಕಾಲಕ್ಕೆ ಇನ್ನೂ ಹೊಸ ಸರಕು. 1885ರ ಕೊನೆಗೆ ಸ್ಯೂರಾ ತನ್ನ ಕ್ಯಾನ್ವಾಸ್ ಮೇಲೆ ಮತ್ತೆ ಕೂತು ಚುಕ್ಕೆಗಳ ಪದರ ಹಾಕೋವಾಗ ಬಿಸಿಲಿಗೆ ಅಂತ ಇದನ್ನೇ ಬಳಸಿದ. ಹಸಿರಿನ ಜೊತೆ ಬೆರೆಸಿ ಎಳೆ ಹುಲ್ಲಿನ ಬಣ್ಣ ಮಾಡಿದ. ಕೆಂಪಿನ ಜೊತೆ ಬೆರೆಸಿ ಬಿಸಿಲಿನ ಕಿತ್ತಳೆ ಮಾಡಿದ.

ಆ ಬಣ್ಣ ಕೈಕೊಟ್ಟಿತು. ತೇವಾಂಶ ಮತ್ತು ಗಂಧಕದ ಅನಿಲ ತಗುಲಿದ್ರೆ ಝಿಂಕ್ ಯೆಲ್ಲೊದಲ್ಲಿರೋ ಕ್ರೋಮಿಯಂ ರೂಪ ಬದಲಾಯಿಸುತ್ತೆ ಅಂತ ಈಗ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಹಳದಿ ಹೋಗಿ ಮಣ್ಣಿನ ಬಣ್ಣ ಆಯ್ತು. ಎಳೆ ಹಸಿರು ಹೋಗಿ ಮಾಸಿದ ಪಾಚಿ ಬಣ್ಣ ಆಯ್ತು. ಕಿತ್ತಳೆ ಮಂಕಾಯ್ತು. ನೂರು ವರ್ಷ ಏನೂ ಬೇಕಾಗ್ಲಿಲ್ಲ, ಕೆಲವೇ ವರ್ಷ. 1892ರ ಹೊತ್ತಿಗೇ ಫೆನೆಯೊಂ ಈ ಚಿತ್ರ ತನ್ನ ಬೆಳಕು ಕಳ್ಕೊಂಡಿದೆ ಅಂತ ಬರೆದ.

ಅಂದ್ರೆ ನಾನು ಸಮಾಜದ ಕೊಳೆತ ಅಂತ ಓದಿದ್ದು ಒಬ್ಬ ಹುಡುಗ ಬಿಸಿಲು ಅಂತ ಇಟ್ಟ ಚುಕ್ಕೆ. ಚಿತ್ರದ ಅತ್ಯಂತ ಖುಷಿಯ ಬಣ್ಣವನ್ನು ನಾನು ಅತ್ಯಂತ ಕೊಳಕು ಅರ್ಥಕ್ಕೆ ಕಟ್ಟಿಹಾಕಿದ್ದೆ. ಅದಕ್ಕೆ 9 ಮಾರ್ಕ್ಸ್.

4/10

"ಬಿಡು ಗುರು, ಬಣ್ಣ ಹೇಗೆ ಬಂದಿದ್ರೇನು, ಈಗ ಕಂದು ಕಾಣುತ್ತೆ ತಾನೆ? ನೋಡೋನಿಗೆ ಅನ್ಸಿದ್ದೇ ಅರ್ಥ" ಅಂತ ಈಗಾಗ್ಲೇ ಯಾರೋ ಕಮೆಂಟ್ ಟೈಪ್ ಮಾಡ್ತಿದ್ದೀರಿ. ಗೊತ್ತು. ಹೋದ ವರ್ಷದ ನಾನೂ ಅದನ್ನೇ ಟೈಪ್ ಮಾಡ್ತಿದ್ದೆ.

ಮನೆಯಲ್ಲಿ ಅಜ್ಜಿಯ ಮದುವೆ ಫೋಟೊ ಇರುತ್ತಲ್ಲ, ಹಳದಿಗಟ್ಟಿ ಮಸುಕಾಗಿರೋದು. ಅದನ್ನು ನೋಡಿ ಅಜ್ಜಿ ಮದುವೆ ದಿನ ದುಃಖದಲ್ಲಿದ್ದಳು ಅಂತ ಯಾರಾದ್ರೂ ಹೇಳ್ತಾರಾ? ಫೋಟೊ ಮಸುಕಾಗಿದ್ದು ನಿಮಗೆ ಬೇಜಾರು ತರಿಸಬಹುದು. ಆ ಬೇಜಾರು ನಿಮ್ಮದು, ನಿಜವೇ. ಅದನ್ನು ಅಜ್ಜಿಯ ತಲೆಗೆ ಕಟ್ಟೋದು ಮಾತ್ರ ಅನ್ಯಾಯ.

ನಿಮಗೆ ಅನ್ಸಿದ್ದನ್ನ "ನನಗೆ ಹೀಗನ್ನಿಸ್ತು" ಅಂತ ಬರೀರಿ, ಯಾರೂ ಬೇಡ ಅನ್ನಲ್ಲ. "ಕಲಾವಿದ ಇದನ್ನು ಸಂಕೇತವಾಗಿ ಬಳಸಿದ್ದಾನೆ" ಅಂತ ಬರೆದ್ರೆ ಅದು ಬೇರೆಯವನ ಬಾಯಲ್ಲಿ ಮಾತು ತುರುಕೋದು. ಅವನು ಸತ್ತು ನೂರು ವರ್ಷದ ಮೇಲಾಗಿದೆ, ಎದ್ದು ಬಂದು ಇಲ್ಲ ಅನ್ನೋಕೂ ಆಗಲ್ಲ.

2004ರಲ್ಲಿ ಶಿಕಾಗೊದಲ್ಲಿ ಈ ಚಿತ್ರದ ಬಗ್ಗೆಯೇ ಒಂದು ದೊಡ್ಡ ಪ್ರದರ್ಶನ ಆಯ್ತು. ಆಗ ಬಣ್ಣದ ವಿಜ್ಞಾನಿಗಳು ಕಂಪ್ಯೂಟರಲ್ಲಿ ಕೆಟ್ಟ ಚುಕ್ಕೆಗಳ ಬಣ್ಣ ತಿದ್ದಿ, ಮೂಲದಲ್ಲಿ ಹೇಗಿದ್ದಿರಬಹುದು ಅಂತ ಒಂದು ಡಿಜಿಟಲ್ ರೂಪ ಮಾಡಿ ತೋರಿಸಿದ್ರು. ಹುಲ್ಲು ಹೊಳೀತಾ ಇತ್ತು. ಮೂಲ ಚಿತ್ರವನ್ನು ಮುಟ್ಟಲಿಲ್ಲ, ಅದು ಹಾಗೇ ಮಂಕಾಗಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ ಮೇಲೂ ಕೊಳೆತ ಅಂತ ವಾದ ಮಾಡೋ ಧೈರ್ಯ ನನಗಿಲ್ಲ.

5/10

ಈಗ ನನ್ನ ನಿಜವಾದ ಜಗಳಕ್ಕೆ ಬರ್ತೀನಿ. ಈ ಕಾಯಿಲೆ ನನ್ನೊಬ್ಬನದಲ್ಲ.

ಈ ಆ್ಯಪ್‌ನಲ್ಲೇ ನೋಡಿ. "ಬಣ್ಣಗಳ ಅರ್ಥ" ಅಂತ ರೀಲ್ಸ್. ಕೆಂಪು ಅಂದ್ರೆ ಕೋಪ ಅಥವಾ ಪ್ರೀತಿ. ಹಸಿರು ಅಂದ್ರೆ ಭರವಸೆ. ಬಿಳಿ ಅಂದ್ರೆ ಮುಗ್ಧತೆ. ನೀಲಿ ಅಂದ್ರೆ ಶಾಂತಿ. ಕಪ್ಪು ಅಂದ್ರೆ ಸಾವು. ಐದು ಸೆಕೆಂಡಿಗೆ ಒಂದು ಬಣ್ಣ, ಹಿಂದೆ ಪಿಯಾನೊ. ನಮ್ಮ ನೋಟ್ಸ್‌ಗಳಲ್ಲೂ ಇದೇ ಪಟ್ಟಿ. ಪರೀಕ್ಷೆಗೆ ಯಾವ ಚಿತ್ರ ಬಂದ್ರೂ ಪಟ್ಟಿ ಹಿಡ್ಕೊಂಡು ಹೋಗಿ ಅಂಟಿಸೋದು.

ಈ ಪಟ್ಟಿಯನ್ನ ಗ್ರಾಂಡ್ ಜಾತ್ ಮುಂದೆ ಹಿಡಿದು ನೋಡೋಣ. ಮಧ್ಯದಲ್ಲಿ ಕೆಂಪು ಕೊಡೆ ಹಿಡಿದ ಹೆಂಗಸು. ಕೋಪನಾ? ಅವಳು ಆರಾಮಾಗಿ ನಿಂತಿದ್ದಾಳೆ. ಪ್ರೀತಿನಾ? ಯಾರ ಮೇಲೆ? ಎಡಗಡೆ ಹಿಂದೆ, ಬೆನ್ನು ತೋರಿಸಿ ಕೂತ ದಾದಿಯ ತಲೆಯಿಂದ ಕೆಂಪು ರಿಬ್ಬನ್ ಇಳಿದಿದೆ. ಅವಳಿಗೂ ಕೋಪನಾ? ಅದು ಅವಳ ಕೆಲಸದ ಉಡುಪಿನ ಭಾಗ ಅಷ್ಟೇ. ಅರ್ಧ ಚಿತ್ರ ಹಸಿರು. ಹಾಗಾದ್ರೆ ಅರ್ಧ ಚಿತ್ರ ಭರವಸೆನಾ? ಪಾರ್ಕ್ ಕಣ್ರಪ್ಪಾ ಅದು, ಹುಲ್ಲು ಹಸಿರಾಗೇ ಇರುತ್ತೆ!

ಬಿಳಿ ಮುಗ್ಧತೆ ಅನ್ನೋದನ್ನ ನಮ್ಮ ಊರಲ್ಲೇ ಕೇಳಿ ನೋಡಿ. ಸರಸ್ವತಿಯ ಸೀರೆಯೂ ಬಿಳಿ, ಒಂದು ಕಾಲಕ್ಕೆ ಗಂಡ ಸತ್ತವಳಿಗೆ ಉಡಿಸ್ತಿದ್ದದ್ದೂ ಬಿಳಿ. ಯಾರು, ಎಲ್ಲಿ, ಯಾವಾಗ ಅಂತ ಕೇಳದೆ ಬಣ್ಣ ಒಂದಕ್ಷರ ಮಾತಾಡಲ್ಲ. ಪಟ್ಟಿ ಮಾಡೋರು ಕೇಳದೆ ಇರೋದು ಆ ಮೂರೇ ಪ್ರಶ್ನೆ.

6/10

ಹಾಗಾದ್ರೆ ಬಣ್ಣ ಹೇಗೆ ಕೆಲಸ ಮಾಡುತ್ತೆ? ಸ್ಯೂರಾ ಇದನ್ನ ಒಬ್ಬ ರಸಾಯನಶಾಸ್ತ್ರಜ್ಞನ ಪುಸ್ತಕದಿಂದ ಕಲಿತ. ಕಥೆ ಚೆನ್ನಾಗಿದೆ, ಕೇಳಿ.

ಮಿಷೆಲ್ ಷೆವ್ರೊಲ್ ಅಂತ. 1824ರಿಂದ ಪ್ಯಾರಿಸ್‌ನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕೋ ವಿಭಾಗದ ಮುಖ್ಯಸ್ಥ. ಅಲ್ಲಿ ಒಂದು ದೂರು ಬಂತು: ನೀಲಿ, ನೇರಳೆ ಬಟ್ಟೆಯ ನೆರಳಿಗೆ ಬಳಸೋ ಕಪ್ಪು ನೂಲಿಗೆ ಗಟ್ಟಿತನ ಇಲ್ಲ, ಬಣ್ಣ ಸರಿಯಾಗಿ ಹತ್ತಿಲ್ಲ. ಅವನು ಬೇರೆ ಕಡೆಯ ಕಪ್ಪು ನೂಲನ್ನೂ ತರಿಸಿ ಹೋಲಿಸಿ ನೋಡಿದ. ಕಪ್ಪು ಬಣ್ಣದಲ್ಲಿ ಏನೂ ದೋಷ ಇರಲಿಲ್ಲ. ದೋಷ ಪಕ್ಕದ ನೀಲಿಯದ್ದು. ನೀಲಿಯ ಪಕ್ಕ ಕೂತ ಕೂಡಲೇ ಅದೇ ಕಪ್ಪು ಕಣ್ಣಿಗೆ ಬೇರೆ ಥರ ಕಾಣ್ತಿತ್ತು. 1839ರಲ್ಲಿ ಇದನ್ನೇ ಒಂದು ನಿಯಮವಾಗಿ ಬರೆದು ದೊಡ್ಡ ಪುಸ್ತಕ ಮಾಡಿದ.

ಇದನ್ನ ನಮ್ಮ ಅಮ್ಮಂದಿರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಗಡಿಯಲ್ಲಿ ಸೀರೆಯ ಮೈ ಬಣ್ಣ ಇಷ್ಟ ಆದ್ರೂ ಅಂಚು ನೋಡಿ "ಈ ಅಂಚು ಇದನ್ನ ಹೊಡೆದುಹಾಕುತ್ತೆ" ಅಂತ ಪಕ್ಕಕ್ಕಿಡ್ತಾರೆ. ರವಿಕೆ ಪೀಸ್ ತಂದು ಪಕ್ಕದಲ್ಲಿಟ್ಟು ನೋಡ್ತಾರೆ. ಟ್ಯೂಬ್‌ಲೈಟ್ ಬೆಳಕು ನಂಬದೆ ಬಾಗಿಲ ಹತ್ರ ಬಿಸಿಲಿಗೆ ಒಯ್ತಾರೆ. ಷೆವ್ರೊಲ್ ಬರೆದದ್ದು ಅದೇ ವಿದ್ಯೆ, ಲೆಕ್ಕ ಹಾಕಿ.

ಪಟ್ಟಿ ಹೇಳೋದು "ಈ ಬಣ್ಣಕ್ಕೆ ಈ ಅರ್ಥ" ಅಂತ. ಷೆವ್ರೊಲ್ ಮತ್ತು ಅಮ್ಮ ಕೇಳೋದು "ಪಕ್ಕದಲ್ಲಿ ಏನಿದೆ?" ಅಂತ.

7/10

ಈಗ ಆ ಪ್ರಶ್ನೆ ಇಟ್ಕೊಂಡು ಚಿತ್ರ ನೋಡಿ. ಮೇಲೆ ಮೂರು ಕ್ರಾಪ್ ಹಾಕಿದ್ದೀನಿ.

ಮೊದಲನೆಯದು, ಬಲಗಡೆ ನಿಂತ ದೊಡ್ಡ ಹೆಂಗಸು, ಹಿಂದೆ ಉಬ್ಬಿದ ಲಂಗದವಳು. ಲಂಗದ ಅಂಚಿನ ಸುತ್ತ ಹುಲ್ಲು ಸ್ವಲ್ಪ ತಿಳಿಯಾಗಿದೆ, ಗಮನಿಸಿ. ಗಾಢ ಬಣ್ಣದ ಪಕ್ಕ ಹುಲ್ಲನ್ನು ತಿಳಿ ಮಾಡಿದ್ದಾನೆ. ತಿಳಿ ಬಣ್ಣದ ಆಕೃತಿ ಪಕ್ಕ ಹುಲ್ಲನ್ನು ಗಾಢ ಮಾಡಿದ್ದಾನೆ. ಯಾರಿಗೂ ಕಪ್ಪು ಗೆರೆಯ ಔಟ್‌ಲೈನ್ ಇಲ್ಲ, ಆದ್ರೂ ಎಲ್ಲರೂ ಕತ್ತರಿಸಿ ಅಂಟಿಸಿದ ಹಾಗೆ ನಿಂತಿದ್ದಾರೆ. ಆ ಬಿಗುವು, ಆ ಒಬ್ಬೊಬ್ಬರೇ ಅನ್ನೋ ಭಾವ ಬರೋದ್ರಲ್ಲಿ ಈ ಅಂಚುಗಳ ಪಾಲು ದೊಡ್ಡದು.

ಎರಡನೆಯದು, ಮುಂಭಾಗದ ನೆರಳು. ಚಿತ್ರದ ಕೆಳಗಿನ ಪಟ್ಟಿ ಪೂರ್ತಿ ನೆರಳಲ್ಲಿದೆ. ನಾವು ನಿಂತಿರೋದೂ ಆ ನೆರಳಲ್ಲೇ ಅನ್ಸುತ್ತೆ, ಅಲ್ಲಿಂದ ಬಿಸಿಲನ್ನ ನೋಡ್ತೀವಿ. ಆ ಬಿಸಿಲಿಗೆ ಝಿಂಕ್ ಯೆಲ್ಲೊ ಯಾಕೆ ಬೇಕಿತ್ತು ಅಂತ ಈಗ ಗೊತ್ತಾಯ್ತಾ? ನೆರಳು ಬಿಸಿಲಿನ ಅಂತರ ಇನ್ನೂ ಜೋರಾಗಿರಬೇಕಿತ್ತು. ಹಳದಿ ಕೆಟ್ಟಾಗ ನಾವು ಕಳ್ಕೊಂಡಿದ್ದು ಒಂದು ಬಣ್ಣ ಅಷ್ಟೇ ಅಲ್ಲ, ಆ ಅಂತರವನ್ನೂ ಕಳ್ಕೊಂಡ್ವಿ.

ಮೂರನೆಯದು, ಬಿಳಿ ಫ್ರಾಕಿನ ಮಗು. ಹೆಚ್ಚುಕಡಿಮೆ ಚಿತ್ರದ ನಡುವಿನಲ್ಲಿದೆ. ಸುತ್ತ ಇರೋ ಸುಮಾರು 50 ಜನರಲ್ಲಿ ಬಹುತೇಕರು ಪಕ್ಕಕ್ಕೆ ತಿರುಗಿದ್ದಾರೆ ಅಥವಾ ಬೆನ್ನು ಹಾಕಿದ್ದಾರೆ. ಈ ಮಗು ಮುಖ ನಮ್ಮ ಕಡೆಗಿಟ್ಟಿದೆ. ಇಲ್ಲಿ ಬಿಳಿ ಮುಖ್ಯ, ನಿಜ. ಅದಕ್ಕೆ ಕಾರಣ ಮುಗ್ಧತೆಯ ಪಟ್ಟಿ ಅಲ್ಲ. ಇಡೀ ಕ್ಯಾನ್ವಾಸಿನಲ್ಲಿ ಕಣ್ಣನ್ನ ಮೊದಲು ಎಳೆಯೋ ಜಾಗಕ್ಕೆ ಅತ್ಯಂತ ತಿಳಿ ಬಣ್ಣ ಇಟ್ಟು, ಅಲ್ಲಿ ನಮ್ಮ ಕಡೆ ತಿರುಗಿದ ಒಂದು ಮುಖ ಇಟ್ಟಿದ್ದಾನೆ. ಇದರಿಂದ ನೀವು ಅರ್ಥ ಕಟ್ಟಿದ್ರೆ ನಾನು ಒಪ್ತೀನಿ, ಯಾಕಂದ್ರೆ ಬೆರಳಿಟ್ಟು ತೋರಿಸೋಕೆ ಏನೋ ಇದೆ.

8/10

ನನ್ನ ವಾದದ ವಿರುದ್ಧ ಗಟ್ಟಿ ಮಾತು ಒಂದಿದೆ, ಮುಚ್ಚಿಡಲ್ಲ. ಸ್ಯೂರಾ ತಾನೇ ಬಣ್ಣಕ್ಕೂ ಭಾವಕ್ಕೂ ಸಂಬಂಧ ಇದೆ ಅಂತ ನಂಬಿದ್ದ. 1890ರ ಆಗಸ್ಟ್‌ನಲ್ಲಿ ಒಬ್ಬ ಲೇಖಕನಿಗೆ ಬರೆದ ಪತ್ರದಲ್ಲಿ ಅದನ್ನ ಸೂತ್ರದ ಥರ ಬರೆದಿದ್ದಾನೆ. ಉಲ್ಲಾಸ ಬೇಕಾದ್ರೆ ಬೆಳಕು ಹೆಚ್ಚಿರಬೇಕು, ಬೆಚ್ಚನೆಯ ಬಣ್ಣ ಮೇಲುಗೈ ಆಗಿರಬೇಕು, ಗೆರೆಗಳು ಮೇಲಕ್ಕೇಳಬೇಕು. ದುಃಖಕ್ಕೆ ಕತ್ತಲು, ತಣ್ಣನೆಯ ಬಣ್ಣ, ಕೆಳಕ್ಕಿಳಿಯೋ ಗೆರೆ. ಶಾಂತಿಗೆ ಎರಡರ ಸಮತೂಕ ಮತ್ತು ಅಡ್ಡಗೆರೆ.

"ನೋಡಿದ್ಯಾ, ಅವನೂ ಪಟ್ಟಿ ಮಾಡಿದ್ದ!" ಅಂತೀರಾ? ಇನ್ನೊಂದ್ಸಲ ಓದಿ. ಅದರಲ್ಲಿ ಕೆಂಪು ಅಂದ್ರೆ ಇದು, ಹಸಿರು ಅಂದ್ರೆ ಅದು ಅಂತ ಎಲ್ಲೂ ಇಲ್ಲ. ಯಾವುದು ಎಷ್ಟು, ಯಾವುದರ ಎದುರು ಯಾವುದು, ಗೆರೆ ಯಾವ ಕಡೆ ಅನ್ನೋದು ಮಾತ್ರ ಇದೆ. ಅಡುಗೆ ಥರ. ಉಪ್ಪಿಗೆ ಅರ್ಥ ಏನು ಅಂತ ಯಾರೂ ಕೇಳಲ್ಲ, ಸಾರಿಗೆ ಎಷ್ಟು ಉಪ್ಪು ಅಂತ ಕೇಳ್ತಾರೆ.

ಇನ್ನೊಂದು ವಿಷ್ಯ. ಆ ಪತ್ರ ಬರೆದಿದ್ದು 1890ರಲ್ಲಿ, ಚಿತ್ರ ಮೊದಲು ತೋರಿಸಿ ನಾಲ್ಕು ವರ್ಷ ಆದ ಮೇಲೆ. ಅದನ್ನ ಹಿಂದಕ್ಕೆ ಎಳೆದು ಗ್ರಾಂಡ್ ಜಾತ್‌ಗೆ ಹಾಗೇ ಅಂಟಿಸೋಕಾಗಲ್ಲ. ಇಷ್ಟಾದ್ರೂ ಹೇಳಬಹುದು: ಈ ಚಿತ್ರದಲ್ಲಿ ನೆರಳು ಬಿಸಿಲು ಎರಡೂ ಇವೆ, ಬೆಚ್ಚನೆ ತಣ್ಣನೆ ಎರಡೂ ಇವೆ, ನಿಂತ ಜನ ಮರದ ಹಾಗೆ ನೆಟ್ಟಗಿದ್ದಾರೆ, ನೆರಳು ಅಡ್ಡಕ್ಕೆ ಮಲಗಿದೆ. ಆ ನಿಶ್ಶಬ್ದ ಎಲ್ಲಿಂದ ಬಂತು ಅಂತ ಹುಡುಕೋಕೆ ಇದು ಸಾಕು.

9/10

ಹಾಗಾದ್ರೆ ಸಂಕೇತಾರ್ಥನೇ ಬೇಡ್ವಾ? ಬೇಕು. ಆದ್ರೆ ಆ ಊರಿನ, ಆ ಕಾಲದ ಗುರುತು ಹಿಡ್ಕೊಂಡು ಬರಬೇಕು. ಎರಡು ಉದಾಹರಣೆ.

ಒಂದು, ಕೋತಿ. ಬಲಗಡೆ ಆ ಶ್ರೀಮಂತ ಜೋಡಿಯ ಹತ್ರ, ಹಗ್ಗ ಕಟ್ಟಿದ ಕೋತಿ ಇದೆ. ಆ ಕಾಲದ ಪ್ಯಾರಿಸ್ ಆಡುಮಾತಿನಲ್ಲಿ ಹೆಣ್ಣುಕೋತಿ ಅನ್ನೋ ಪದಕ್ಕೆ ವೇಶ್ಯೆ ಅನ್ನೋ ಅರ್ಥ ಇತ್ತು. ಎಡಗಡೆ ಒಬ್ಬ ಹೆಂಗಸು ಗಾಳ ಹಿಡಿದು ಮೀನು ಹಿಡೀತಿದ್ದಾಳೆ. ಫ್ರೆಂಚ್‌ನಲ್ಲಿ ಮೀನು ಹಿಡಿಯೋದಕ್ಕೂ ಪಾಪ ಮಾಡೋದಕ್ಕೂ ಪದಗಳು ಬಹುತೇಕ ಒಂದೇ ಥರ ಕೇಳುತ್ತವೆ. ಹಾಗಾಗಿ ಕೆಲವು ವಿದ್ವಾಂಸರು ಅಲ್ಲೊಂದು ಕುಹಕ ಇದೆ ಅಂತಾರೆ, ಇನ್ನು ಕೆಲವರು ಒಪ್ಪಲ್ಲ. ನೀವು ಯಾವ ಕಡೆ ನಿಂತ್ರೂ ಜಗಳ ಆಡೋಕೆ ಒಂದು ನೆಲ ಇದೆ. ಪದ ಇದೆ, ಊರಿದೆ, ಕಾಲ ಇದೆ.

ಎರಡು, ನದಿಯ ಆಚೆ ದಡ. ಇದು ನನಗೆ ಎಲ್ಲಕ್ಕಿಂತ ಇಷ್ಟ. ಇದಕ್ಕೆ ಮುಂಚೆ 1884ರಲ್ಲೇ ಸ್ಯೂರಾ ಹೆಚ್ಚುಕಡಿಮೆ ಇದೇ ಅಳತೆಯ ಇನ್ನೊಂದು ಚಿತ್ರ ಮುಗಿಸಿದ್ದ. ಹೆಸರು "ಅಸ್ನಿಯೇರ್‌ನಲ್ಲಿ ಸ್ನಾನ". ಈಗ ಲಂಡನ್‌ನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಅಲ್ಲಿ ಕೆಲಸಗಾರ ಹುಡುಗರು ನದಿ ದಡದಲ್ಲಿ ಬಟ್ಟೆ ಬಿಚ್ಚಿಟ್ಟು ಕೂತಿದ್ದಾರೆ, ಹಿಂದೆ ಕಾರ್ಖಾನೆಯ ಚಿಮಣಿ. ಅವರು ಬಲಕ್ಕೆ ನೋಡ್ತಿದ್ದಾರೆ. ಗ್ರಾಂಡ್ ಜಾತ್‌ನವರಲ್ಲಿ ತುಂಬಾ ಜನ ಎಡಕ್ಕೆ, ನದಿಯ ಕಡೆ ನೋಡ್ತಿದ್ದಾರೆ. ಆ ಸ್ನಾನದ ಚಿತ್ರದಲ್ಲಿ ನದಿ ಮೇಲೆ ಒಂದು ಪುಟ್ಟ ದೋಣಿ ಇದೆ. ಅದರಲ್ಲಿ ಫ್ರಾನ್ಸಿನ ಮೂರು ಬಣ್ಣದ ಬಾವುಟ, ಎತ್ತರದ ಟೋಪಿಯ ಗಂಡಸು, ಕೊಡೆ ಹಿಡಿದ ಹೆಂಗಸು. ಹೋಗ್ತಿರೋದು ದ್ವೀಪದ ಕಡೆ.

ವರ್ಗ, ಹಣ, ಯಾರಿಗೆ ಯಾವ ದಡ ಅನ್ನೋ ಪ್ರಶ್ನೆ ಸ್ಯೂರಾನ ಚಿತ್ರದಲ್ಲೇ ಇದೆ. ಪಾರ್ಕಿನ ಚಿತ್ರದ ಎಡಮೂಲೆಯಲ್ಲೂ ನೋಡಿ, ತೋಳಿಲ್ಲದ ಅಂಗಿ ಹಾಕಿ ಪೈಪ್ ಸೇದ್ತಾ ಒರಗಿದವನೊಬ್ಬ, ಅವನ ಪಕ್ಕದಲ್ಲೇ ಟೋಪಿ, ಬೆತ್ತ ಹಿಡಿದ ಸಾಹೇಬ. ಒಬ್ಬರನ್ನೊಬ್ಬರು ನೋಡ್ತಿಲ್ಲ. ನಾನು ಕೊಳೆತ ಹುಡುಕೋಕೆ ಕೆಟ್ಟ ಹಳದಿಗೆ ಹೋದೆ, ಸಮಾಜ ಅಲ್ಲೇ ಮುಂದೆ ಕಾಲು ಚಾಚಿ ಮಲಗಿತ್ತು.

10/10

ಕೊನೆಗೆ ಕೆಲಸದ ಮಾತು, ಮುಂದಿನ ವಾರದವರಿಗೆ.

ಆ ಪಿಡಿಎಫ್ ಡಿಲೀಟ್ ಮಾಡಿ. ಗ್ರೂಪಿನಲ್ಲಿ ಇನ್ನೂ ಓಡಾಡ್ತಿದ್ರೆ ಇದರ ಲಿಂಕ್ ಹಾಕಿ.

ಒಂದು ಬಣ್ಣಕ್ಕೆ ಅರ್ಥ ಬರೆಯೋ ಮುಂಚೆ ಮೂರು ಕೇಳಿ. ಈ ಬಣ್ಣ ಮೊದಲು ಹೀಗೇ ಇತ್ತಾ? ಪಕ್ಕದಲ್ಲಿ ಏನಿದೆ? ಆ ಊರಿನಲ್ಲಿ, ಆ ಕಾಲದಲ್ಲಿ ಇದಕ್ಕೆ ಏನಂತಿದ್ರು? ಉತ್ತರ ಸಿಗದೇ ಇದ್ರೆ "ಹೀಗೆ ಕಾಣ್ತಿದೆ" ಅಂತ ಕಂಡದ್ದನ್ನ ಬರೆದು ನಿಲ್ಲಿಸಿ. ಅದಕ್ಕೆ ಮಾರ್ಕ್ಸ್ ಕಮ್ಮಿ ಬರಬಹುದು, ಸುಳ್ಳು ಭರವಸೆ ಕೊಡಲ್ಲ. ಮಾರ್ಕ್ಸ್ ಬೇಕೇ ಬೇಕು ಅಂದ್ರೆ ಕೋತಿ ಇದೆ, ದೋಣಿ ಇದೆ, ನೆರಳಿದೆ. ಅವುಗಳ ಮೇಲೆ ಬರೀರಿ.

ಫೋನಲ್ಲಿ ನೋಡೋರು ಫಿಲ್ಟರ್ ಹಾಕಿದ, ಚೌಕಕ್ಕೆ ಕ್ರಾಪ್ ಮಾಡಿದ ಫೋಟೊ ನಂಬಬೇಡಿ. ಸ್ಯೂರಾ ಆಮೇಲೆ, 1888-89ರ ಹೊತ್ತಿಗೆ, ಚಿತ್ರದ ಸುತ್ತ ಚುಕ್ಕೆಗಳದ್ದೇ ಒಂದು ಅಂಚು ಬರೆದ. ಒಳಗಿನ ಬಣ್ಣಕ್ಕೆ ಎದುರು ಬಣ್ಣ ಹೊರಗೆ. ಸೀರೆ ಅಂಚಿನದೇ ಲೆಕ್ಕ. ಇಲ್ಲಿ ಓಡಾಡೋ ಎಷ್ಟೋ ಫೋಟೊಗಳಲ್ಲಿ ಆ ಅಂಚೇ ಇರಲ್ಲ. ಮ್ಯೂಸಿಯಂನ ಸೈಟಲ್ಲಿ ದೊಡ್ಡ ಫೋಟೊ ಇದೆ, ಅಲ್ಲಿ ನೋಡಿ.

ಮತ್ತೆ ಆ 4 ಮಾರ್ಕ್ಸಿನ ಕ್ಲಾಸ್‌ಮೇಟ್‌ಗೆ. ನೀನು ಇದನ್ನ ಓದ್ತೀಯ ಅಂತ ಗೊತ್ತು. ಅವತ್ತು ಕ್ಯಾಂಟೀನಲ್ಲಿ ನಿನ್ನ ಉತ್ತರ ಎಲ್ಲರ ಮುಂದೆ ಓದಿ ನಕ್ಕವರಲ್ಲಿ ನಾನೂ ಇದ್ದೆ. ನೀನು ಚಿತ್ರ ನೋಡಿದ್ದೆ. ನಾನು ಪಟ್ಟಿ ನೋಡಿದ್ದೆ. ಸಾರಿ ಕಣೇ. ಈ ಸಲ ಜೂನಿಯರ್‌ಗಳು ನೋಟ್ಸ್ ಕೇಳಿದ್ರೆ ನಿನ್ನ ಹತ್ರ ಕಳಿಸ್ತೀನಿ.

ಒಪ್ಪದೇ ಇರೋರು ಕಮೆಂಟಲ್ಲಿ ಬನ್ನಿ. ಆದ್ರೆ ಬರೋವಾಗ ಚಿತ್ರದ ಯಾವ ಮೂಲೆ ತೋರಿಸ್ತೀರಿ ಅಂತ ಹೇಳಿ, ಅಲ್ಲಿಂದ ಶುರು ಮಾಡೋಣ.

#ಸ್ಯೂರಾ #ಗ್ರಾಂಡ್‌ಜಾತ್ #ಬಣ್ಣದಪಟ್ಟಿಬೇಡ #ನೋಡಿಬರೀರಿ #ಕನ್ನಡದಲ್ಲಿಕಲೆ